ನಾಲ್ಕನೇ ನಂಬರಿನ ಬಿಸಿಗಾಳಿ

ಜನವರಿ 9, ಸೋಮವಾರ
ಬೆಳಗ್ಗೆ ಎಂಟಕ್ಕೆ ಮೈನಸ್ 33.4

ಹವಾಮಾನ ನಿಲ್ದಾಣದ ಹೋದ ವರ್ಷದ ದಾಖಲೆ ಪುಸ್ತಕದಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿತ್ತು. ಎಸೆಯಲು ಮನಸ್ಸು ಬರದೆ ಮನೆಗೆ ತಂದೆ. ಇಪ್ಪತ್ತಾರು ವರ್ಷದಿಂದ ಈ ಊರಿನ ಚಳಿಯನ್ನೂ ಗಾಳಿಯನ್ನೂ ಅಳೆದು ಬರೆಯುವುದೇ ನನ್ನ ಉದ್ಯೋಗ. ಕೊನೆಯ ಕಾಲಮ್ಮು ಷರಾ. ಅದರಲ್ಲಿ ‘ಏನೂ ಇಲ್ಲ’ ಎಂದು ಬರೆದು ಬರೆದು ಸಾಕಾಗಿದೆ. ಇನ್ನು ಇಲ್ಲಿ ಷರಾ ಒಂದೇ ಬರೆಯುತ್ತೇನೆ. ಯಾರೂ ಓದುವುದಿಲ್ಲ, ತಪ್ಪು ತಿದ್ದುವುದಿಲ್ಲ.

ಚಳಿಗಾಲವನ್ನು ಒಂಬತ್ತು ದಿನಗಳ ಒಂಬತ್ತು ಕಂತಾಗಿ ಎಣಿಸುವ ‘ಒಂಬತ್ತು’ಗಳಲ್ಲಿ ಮೂರನೆಯದು ಇವತ್ತು ಶುರುವಾಯಿತು. ಇದು, ಇದರ ಮುಂದಿನದು, ಎರಡನ್ನೂ ದಾಟಿದರೆ ಬದುಕಿದ ಹಾಗೆ. ಇಂಥ ಹೊತ್ತು ನೋಡಿಕೊಂಡೇ ಕಾರಿನ ಹೀಟರ್ ಫ್ಯಾನು ಕೈಕೊಟ್ಟಿದೆ. ಒಂದು, ಎರಡು, ಮೂರನೇ ನಂಬರಿಗೆ ತಿರುಗಿಸಿದರೆ ಉಸಿರೇ ಇಲ್ಲ. ನಾಲ್ಕಕ್ಕೆ ಇಟ್ಟರೆ ಮಾತ್ರ ಕಿರ್ರೋ ಎಂದು ಅರಚಿಕೊಂಡು ಬಿಸಿಗಾಳಿ ಬಿಡುತ್ತದೆ. ಅರವತ್ತೆರಡು ಕಿಲೋಮೀಟರ್ ಆ ಅರಚಾಟ ಕೇಳಿಕೊಂಡು ಹೋಗಿ, ಅದನ್ನೇ ಕೇಳಿಕೊಂಡು ವಾಪಸ್ ಬಂದೆವು.

ವಾರಕ್ಕೆ ಮೂರು ಸಲ ಹೋಗಲೇಬೇಕು. ನನ್ನ ಗಂಡ ಸೋದ್ನೋಮನ ಎರಡು ಮೂತ್ರಪಿಂಡಗಳೂ ಹೋದ ಆಗಸ್ಟಿನಲ್ಲಿ ನಿಂತುಹೋದವು. ಸೋಮವಾರ, ಬುಧವಾರ, ಶುಕ್ರವಾರ ಜಿಲ್ಲಾ ಆಸ್ಪತ್ರೆಯ ಮೆಷಿನ್ನು ನಾಲ್ಕು ಗಂಟೆ ಅವನ ರಕ್ತ ತೊಳೆಯುತ್ತದೆ. ನಾನು ಹೊರಗಿನ ಬೆಂಚಿನ ಮೇಲೆ ಕೂತಿರುತ್ತೇನೆ. ಶಾಲೆಯಲ್ಲಿ ಕುಸ್ತಿ ಹೇಳಿಕೊಡುತ್ತಿದ್ದ ಗಂಡಸು ಈಗ ಕಾರಿನಿಂದ ಇಳಿಯಲು ನನ್ನ ಭುಜ ಹಿಡಿಯುತ್ತಾನೆ.

ಹೊರಡುವಾಗ ಅವನ ತಾಯಿ, ಆ ಮುದುಕಿ, ಎಂದಿನಂತೆ ಕಾರಿಗೆ ಅಡ್ಡ ನಿಂತಿತ್ತು, ಕೈಯಲ್ಲಿ ಹಾಲಿನ ಸೌಟು. ದಾರಿ ಬೆಳ್ಳಗಿರಲಿ ಅಂತ ಗೊಣಗುತ್ತ ಬಾನೆಟ್ಟಿನ ಮೇಲೂ ಗಾಜಿನ ಮೇಲೂ ಹಾಲು ಎರಚಿತು. ಬೇರೆ ಮನೆಗಳಲ್ಲಿ ಪ್ರಯಾಣ ಹೊರಟವರಿಗೆ ಶುಭವಾಗಲೆಂದು ಒಂಬತ್ತು ಗುಳಿಯ ಮರದ ಚಮಚದಲ್ಲಿ ನಾಲ್ಕು ಹನಿ ಚಿಮುಕಿಸುತ್ತಾರೆ, ಇಲ್ಲಿ ಸೌಟಿನ ಲೆಕ್ಕ. ಬಿದ್ದ ಕ್ಷಣವೇ ಗಾಜಿನ ಮೇಲೆ ಹೆಪ್ಪುಗಟ್ಟುತ್ತದೆ. ಅದನ್ನು ಕೆರೆದು ನೋಡುವಷ್ಟು ಜಾಗ ಮಾಡಿಕೊಳ್ಳುವುದು ನನ್ನ ಪಾಲಿನ ಕೆಲಸ.

ಜನವರಿ 11, ಬುಧವಾರ
ಮೈನಸ್ 36.1

ಹೀಟರ್ ಕೆಟ್ಟಿದೆ ಅಂತ ಯಾರು ಹೇಳಿದರೋ, ಇವತ್ತು ಎರಡು ಸೌಟು ಹಾಲು.

“ಒಂದು ಸಾಲದಾ ಅತ್ತೆ?” ಅಂದೆ.

“ಗಾಡಿಗೆ ಹುಷಾರಿಲ್ಲ ಅಂದ್ರಲ್ಲ. ನಿನ್ನ ಥರ್ಮಾಮೀಟರಿಂದ ವಾಸಿಯಾಗತ್ತಾ?”

ಗಾಡಿ ಬಿಟ್ಟೆ. ಈ ಮನೆಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಬಂದ ಮೊದಲ ತಿಂಗಳಲ್ಲೇ ನೆರೆಯವರ ಮುಂದೆ, “ನಮ್ಮ ಸೊಸೆ ಆಕಾಶ ಅಳೀತಾಳೆ, ಹಿಟ್ಟು ಅಳೆಯೋಕೆ ಬರಲ್ಲ” ಅಂದಿತ್ತು. ಇವತ್ತಿಗೂ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದಾಗಲೆಲ್ಲ ಆ ಮಾತು ನೆನಪಾಗುತ್ತದೆ.

ಬರುವಾಗ ಘಾಟಿ ಹತ್ತಿ, ಮೇಲೆ ದಾರಿಹೋಕರು ದೇವರಿಗೆಂದು ಪೇರಿಸಿದ ಕಲ್ಲುಗುಡ್ಡೆಗೆ ಪದ್ಧತಿಯಂತೆ ಮೂರು ಸಲ ಹಾರ್ನ್ ಹೊಡೆದೆ. ಮೂರನೆಯ ಹಾರ್ನ್ ಮುಗಿಯುವುದಕ್ಕೂ ಫ್ಯಾನು ಸುಮ್ಮನಾಗುವುದಕ್ಕೂ ಸರಿಹೋಯಿತು. ನಾಲ್ಕನೇ ನಂಬರೂ ಸತ್ತಿತು. ಎಂಜಿನ್ ಬಿಸಿಯಾಗಿಯೇ ಇದೆ, ಆ ಬಿಸಿಯನ್ನು ಒಳಗೆ ತಳ್ಳುವವರಿಲ್ಲ. ಐದು ನಿಮಿಷಕ್ಕೆ ನಮ್ಮಿಬ್ಬರ ಉಸಿರು ಗಾಜಿನ ಒಳಮೈಗೆ ಕೂತು ಮಂಜಾಯಿತು. ಎಡಗೈಯಲ್ಲಿ ಸ್ಟಿಯರಿಂಗ್, ಬಲಗೈಯಲ್ಲಿ ನಿಲ್ದಾಣದ ಸ್ಟೀಲ್ ಸ್ಕೇಲು ಹಿಡಿದು, ಗಾಜು ಕೆರೆದುಕೊಂಡು ಮೂವತ್ತು ಕಿಲೋಮೀಟರ್ ಓಡಿಸಿದೆ.

ಮೆಷಿನ್ನಿಂದ ಎದ್ದು ಬಂದ ದಿನ ಅವನಿಗೆ ಚಳಿ ತಡೆಯುವುದಿಲ್ಲ. ಎರಡು ಕುರಿಚರ್ಮದ ಕೋಟು ಹೊದಿಸಿದ್ದರೂ ಹಲ್ಲು ಕಟಕಟ ಅನ್ನುತ್ತಿತ್ತು.

“ಉಸಿರು ಕಡಿಮೆ ಬಿಡು, ಗಾಜು ಮಂಜಾಗ್ತಿದೆ” ಅಂದುಬಿಟ್ಟೆ.

“ಪೂರ್ತಿ ನಿಲ್ಲಿಸಲಾ?” ಅಂದ.

ನಗಲೆಂದು ಅಂದದ್ದೇ ಇರಬಹುದು. ನನಗೆ ನಗು ಬರಲಿಲ್ಲ.

ಜನವರಿ 12, ಗುರುವಾರ
ಮೈನಸ್ 35.0

ಚುಲೂನನ ಗ್ಯಾರೇಜಿಗೆ ಹೋದೆ. ಗ್ಯಾರೇಜು ಅಂದರೆ ಅವನ ಮನೆಯ ಪಕ್ಕದ ತಗಡಿನ ಶೆಡ್ಡು, ಮೂಲೆಯಲ್ಲೊಂದು ಬೆರಣಿ ಒಲೆ. ಊರಿಗೆ ಇರುವವನು ಅವನೊಬ್ಬನೇ. ಮಾತು ಜಾಸ್ತಿ, ಕೈ ಒಳ್ಳೆಯದು.

“ಏನಕ್ಕಾ, ಆಕಾಶದ ಕೆಲಸ ಬಿಟ್ಟು ಭೂಮಿಗೆ ಇಳಿದ್ರಾ?” ಅಂದ. ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿ ಫ್ಯೂಸು ಕಿತ್ತು ತೋರಿಸಿದ. ಒಳಗಿನ ತಂತಿ ಸುಟ್ಟು ಕಪ್ಪಾಗಿತ್ತು. ಆಮೇಲೆ ಎದುರುಗಡೆಯ ಡಬ್ಬ ಬಿಚ್ಚಿ, ಫ್ಯಾನಿನ ಪಕ್ಕದಿಂದ ಬೆರಳುದ್ದದ ಇನ್ನೊಂದು ವಸ್ತು ತೆಗೆದ. ರೆಸಿಸ್ಟರ್ ಅಂತೆ. ವೇಗ ಕಡಿಮೆ ಮಾಡುವುದು ಅದರ ಕೆಲಸ. ಅದು ಸುಟ್ಟರೆ ಒಂದು, ಎರಡು, ಮೂರು ನಂಬರು ಹೋಗಿ ನಾಲ್ಕು ಮಾತ್ರ ಉಳಿಯುತ್ತದೆಯಂತೆ. ಹಾಳುಬಿದ್ದ ಗಾಡಿಯೊಂದರಿಂದ ಕಿತ್ತದ್ದನ್ನು ಹಾಕಿ, ಹೊಸ ಫ್ಯೂಸು ಸಿಕ್ಕಿಸಿದ. ನಾಲ್ಕೂ ನಂಬರು ನಡೆದವು. ಕಿರ್ರೋ ಶಬ್ದ ಮಾತ್ರ ಹೋಗಲಿಲ್ಲ.

“ಶಬ್ದ ಯಾಕೆ?” ಅಂದೆ.

“ವಯಸ್ಸಾಯ್ತಲ್ಲಕ್ಕಾ. ನಮ್ಮ ಮಂಡಿ ಶಬ್ದ ಮಾಡಲ್ವಾ?”

“ಮಂಡಿ ಸುಟ್ಟುಹೋಗಲ್ಲ ಚುಲೂನ್. ಎರಡು ವಸ್ತು ಸುಟ್ಟಿವೆ, ಸುಡೋಕೆ ಕಾರಣ ಇರಬೇಕಲ್ಲ?”

“ಬಿಚ್ಚಿ ನೋಡೋಣ, ಪುರುಸೊತ್ತಾದಾಗ ತನ್ನಿ” ಅಂದ. ಪುರುಸೊತ್ತು ನನಗೆಲ್ಲಿದೆ? ಎರಡು ಗಂಟೆಯ ಉಷ್ಣಾಂಶ ಬರೆಯಲು ಓಡಿದೆ. ಒತ್ತಾಯ ಮಾಡಿ ಬಿಚ್ಚಿಸಬೇಕಿತ್ತು.

ಜನವರಿ 13, ಶುಕ್ರವಾರ
ಮೈನಸ್ 37.8

ಮೂರು ಸೌಟು ಹಾಲು.

ಇಪ್ಪತ್ತೊಂದನೇ ಕಿಲೋಮೀಟರಿನಲ್ಲಿ ಫ್ಯಾನು ಮತ್ತೆ ನಿಂತಿತು. ಬಿಡಿ ಫ್ಯೂಸು ಎರಡು ತಂದಿದ್ದೆ. ಒಂದು ಹಾಕಿದೆ, ಹತ್ತು ಎಣಿಸುವುದರಲ್ಲಿ ಸುಟ್ಟಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಗಾಳಿ ಅಡ್ಡ ಬೀಸಿ ರಸ್ತೆಯ ಮೇಲೆಲ್ಲ ಹಿಮ ಹರಿದಾಡುತ್ತಿತ್ತು. ಗಾಜು ಕೆರೆದೆ, ಕೆರೆದಷ್ಟೂ ಮುಚ್ಚಿತು. ಎದುರಿನಿಂದ ಬಂದ ಕಲ್ಲಿದ್ದಲು ಲಾರಿ ಹಾರ್ನ್ ಹೊಡೆದ ಮೇಲೇ ಅದು ಇರುವುದು ಗೊತ್ತಾದದ್ದು. ಕಾರು ಪಕ್ಕಕ್ಕೆ ಹಾರಿ ಹಿಮದಲ್ಲಿ ನಿಂತಿತು.

“ತಿರುಗಿಸು” ಅಂದ ಸೋದ್ನೋಮ್.

“ಇನ್ನು ನಲವತ್ತು ಕಿಲೋಮೀಟರ್...”

“ತಿರುಗಿಸು ನೋರ್ಜ್ಮಾ. ನನ್ನನ್ನ ಉಳಿಸೋಕೆ ಹೋಗಿ ನೀನು ಸಾಯಬೇಡ.”

ತಿರುಗಿಸಿದೆ. ಊರಿನ ಆಂಬುಲೆನ್ಸು ಹೆರಿಗೆಗೆ ಹೋಗಿತ್ತು. ಅವರಿವರ ಗಾಡಿ ಕೇಳೋಣವೆಂದರೆ ಎಲ್ಲರೂ ಹಿಮಗಾಳಿಗೆ ಚದುರಿದ ಕುದುರೆ ಕುರಿ ಹುಡುಕಲು ಹೋಗಿದ್ದಾರೆ. ಆಸ್ಪತ್ರೆಗೆ ಫೋನು ಮಾಡಿದರೆ ನರ್ಸು, “ಶನಿವಾರ ಮೆಷಿನ್ ಒಂದೂ ಖಾಲಿ ಇಲ್ಲಮ್ಮ. ಸೋಮವಾರ ಮಾತ್ರ ತಪ್ಪಿಸಬೇಡಿ. ಎರಡು ಸಲ ತಪ್ಪಿದ್ರೆ ನೀರು ಶ್ವಾಸಕೋಶಕ್ಕೆ ಹತ್ತತ್ತೆ. ಆಮೇಲೆ ನಮ್ಮ ಕೈಲಿಲ್ಲ” ಅಂದಳು.

ಜನವರಿ 14, ಶನಿವಾರ
ಮೈನಸ್ 38.2

ಪಾದ ಊದಿದೆ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ಏಳುವುದಿಲ್ಲ. ಚುಲೂನ್ ಊರಲ್ಲಿಲ್ಲ, ನಾಳೆ ಬರುತ್ತಾನಂತೆ.

ಜನವರಿ 15, ಭಾನುವಾರ
ಮೈನಸ್ 36.9

ಬರೆಯಲು ಬಹಳ ಇದೆ. ಕೈ ಇನ್ನೂ ಪೆಟ್ರೋಲಿನ ವಾಸನೆ ಹೊಡೆಯುತ್ತಿದೆ.

ಬೆಳಗ್ಗೆ ಎದ್ದ ತಕ್ಷಣ ಜಗಳ. ಅವನಿಗೆ ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ಗೋಡೆಗೆ ಒರಗಿ ಕೂತಿದ್ದ. “ನಾಳೆ ಬಿಟ್ಟುಬಿಡೋಣ” ಅಂದ.

“ಏನು ಬಿಡೋದು?”

“ಹೋಗೋದನ್ನ. ನಾಳೇನೂ, ಆಮೇಲೂ. ಫ್ಯಾನು ಒಂದು ನೆಪ ಅಷ್ಟೇ. ನನಗೆ ಸಾಕಾಗಿದೆ ಕಣೆ. ನಿನಗೂ ಸಾಕಾಗಿದೆ. ನಿನ್ನ ಮುಖ ನಾನು ನೋಡ್ತಿಲ್ವಾ?”

“ನನ್ನ ಮುಖ ಹುಟ್ಟಿದಾಗಿಂದ ಹೀಗೇ ಇದೆ” ಅಂತ ಕಿರುಚಿದೆ. ಸಾಕಾಗಿರುವುದು ನಿಜ. ಬೆಂಚಿನ ಮೇಲೆ ಕೂತಾಗ ಎಷ್ಟೋ ಸಲ, ಇದು ಒಂದು ದಿನ ಮುಗಿಯುತ್ತದೆ ಅಂದುಕೊಂಡಿದ್ದೇನೆ. ಹೇಗೆ ಮುಗಿಯುತ್ತದೆ ಅಂತ ಮುಂದಕ್ಕೆ ಯೋಚಿಸಲು ಧೈರ್ಯ ಬಂದಿಲ್ಲ. ಒಲೆಯ ಹತ್ತಿರ ಅತ್ತೆ ಉಪ್ಪಿಲ್ಲದ ಸಾರಿಗೆ ಮಾಂಸ ಕೊಚ್ಚುತ್ತಿದ್ದರು. ತಲೆ ಎತ್ತಲಿಲ್ಲ, ಚಾಕುವಿನ ಸದ್ದು ಮಾತ್ರ ನಿಂತಿತು.

ಹತ್ತು ಗಂಟೆಗೆ ಚುಲೂನನ ಶೆಡ್ಡಿಗೆ ಹೋಗಿ ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತೆ. “ಇವತ್ತು ಕಾರಣ ಸಿಗೋವರೆಗೂ ನಾನು ಏಳಲ್ಲ, ನೀನೂ ಏಳೋ ಹಾಗಿಲ್ಲ” ಅಂದೆ. ನನ್ನ ಮುಖ ನೋಡಿ ಅವನು ತಮಾಷೆ ಮಾಡಲಿಲ್ಲ. ಮೀಟರು ಹಿಡಿದು ನೋಡಿದ. ವೈರು ಸರಿ, ಸ್ವಿಚ್ಚು ಸರಿ, ಕರೆಂಟು ಫ್ಯಾನಿನವರೆಗೂ ಬರುತ್ತಿದೆ. “ಹಾಗಾದ್ರೆ ಮೋಟರ್ ತಿರುಗೋಕೆ ಒದ್ದಾಡ್ತಿದೆ ಅಕ್ಕಾ. ಹಿಡಿದುಕೊಂಡಿರೋದನ್ನ ತಿರುಗಿಸೋಕೆ ಹೋಗಿ ಜಾಸ್ತಿ ಕರೆಂಟ್ ಎಳೆಯತ್ತೆ, ಫ್ಯೂಸ್ ಹೋಗತ್ತೆ.” ನಾನು ಟಾರ್ಚು ಹಿಡಿದೆ. ಅವನು ಅಂಗಾತ ಮಲಗಿ ಮೂರು ಸ್ಕ್ರೂ ತೆಗೆದು ಫ್ಯಾನನ್ನು ಕೆಳಕ್ಕೆ ಇಳಿಸಿದ.

ಅಳಿಲು ಓಡುವ ಚಕ್ರದಂಥ ಪ್ಲಾಸ್ಟಿಕ್ ಫ್ಯಾನು. ಅದರ ರೆಕ್ಕೆ ರೆಕ್ಕೆಗಳ ನಡುವೆ ಹಳದಿ ಬಣ್ಣದ, ಗಟ್ಟಿಯಾದ ಏನೋ ಮೆತ್ತಿಕೊಂಡಿತ್ತು. ಕೆಳಗಿನ ಗುಂಡಿಯಲ್ಲಿ ಅದೇ ಒಂದು ಬಿಲ್ಲೆಯಾಗಿ ಹೆಪ್ಪುಗಟ್ಟಿ ಫ್ಯಾನಿನ ಅಂಚನ್ನು ಕಚ್ಚಿ ಹಿಡಿದಿತ್ತು. ಚುಲೂನ್ ಉಗುರಿನಿಂದ ಕೆರೆದು ಮೂಸಿ ನೋಡಿದ.

“ಅಕ್ಕಾ, ಇಷ್ಟು ವರ್ಷದಲ್ಲಿ ಹೀಟರ್ ಒಳಗೆ ಇಲಿ ನೋಡಿದೀನಿ, ಇಲಿಯ ಸಂಸಾರ ನೋಡಿದೀನಿ, ಒಂದ್ಸಲ ಯಾರದೋ ಹಲ್ಲಿನ ಸೆಟ್ಟೂ ಸಿಕ್ಕಿತ್ತು. ಒಣಮೊಸರು ಸಿಕ್ಕಿದ್ದು ಇದೇ ಮೊದಲು!”

ನಾನೂ ಮೂಸಿದೆ. ಹುಳಿ ಹಾಲಿನ ವಾಸನೆ.

ವೈಪರಿನ ಕೆಳಗೊಂದು ಜಾಲರಿ ಇದೆ. ಹೊರಗಿನ ಗಾಳಿ ಕಾರಿನೊಳಗೆ ಬರುವ ದಾರಿ ಅದು. ಗಾಜಿನ ಮೇಲೆ ಬಿದ್ದ ನೀರೆಲ್ಲ ಅಲ್ಲಿಗಿಳಿದು ಪಕ್ಕದ ತೂತಿನಿಂದ ನೆಲಕ್ಕೆ ಹೋಗಬೇಕು. ಎಂಜಿನ್ನಿಗೆ ಹೊದಿಸುವ ಕಂಬಳಿಯ ಎಳೆಗಳು ಸೇರಿ ಆ ತೂತು ಮುಚ್ಚಿಹೋಗಿತ್ತು. ಬೆಳಗ್ಗೆ ಗಾಜಿನ ಮೇಲೆ ಹೆಪ್ಪುಗಟ್ಟಿದ ಹಾಲು, ಹೀಟರು ಬಿಸಿಯಾದಂತೆ ಕರಗಿ, ಜಾಲರಿಯೊಳಗೆ ಇಳಿದು, ಹೋಗಲು ದಾರಿಯಿಲ್ಲದೆ ಫ್ಯಾನಿನ ಮೇಲೆ ತೊಟ್ಟಿಕ್ಕಿದೆ. ಕಾರು ನಿಂತಾಗ ಅಲ್ಲೇ ಗಡ್ಡೆಯಾಗಿದೆ. ಫ್ಯಾನು ಕೆಟ್ಟಿತೆಂದು ಹಾಲು ಹೆಚ್ಚಾಯಿತು. ಹಾಲು ಹೆಚ್ಚಾದಂತೆ ಫ್ಯಾನು ಇನ್ನಷ್ಟು ಕೆಟ್ಟಿತು. ನಾಲ್ಕು ತಿಂಗಳಿಂದ ವಾರಕ್ಕೆ ಮೂರು ಸಲ ಕಣ್ಣೆದುರೇ ನಡೆದದ್ದು. ಹನಿ ಮಳೆ ಬಿದ್ದರೂ ಅಳೆದು ಬರೆಯುವವಳಿಗೆ ಇದು ಕಾಣಲಿಲ್ಲ.

ಚುಲೂನನಿಗೂ ಅರ್ಥವಾಯಿತು. “ನಿಮ್ಮತ್ತೆ ದೊಲ್ಗೋರಜ್ಜಿ ಹಾಲಾ?” ಅಂದ. ಹೂಂ ಅಂದೆ. ಅವನು ನಗಲು ಬಾಯಿ ತೆರೆದವನು ಬಿಸಿನೀರು ತರಲು ಹೋದ.

ಇಬ್ಬರೂ ಕೂತು ರೆಕ್ಕೆ ರೆಕ್ಕೆಯನ್ನೂ ಉಜ್ಜಿ ತೊಳೆದೆವು, ಒಲೆಯ ಹತ್ತಿರ ಒಣಗಿಸಿದೆವು. ಮೋಟರಿನ ದಂಡಕ್ಕೆ ಎರಡು ಹನಿ ಎಣ್ಣೆ ಬಿಟ್ಟ. ಮುಚ್ಚಿದ್ದ ತೂತನ್ನು ತಂತಿ ಹಾಕಿ ಬಿಡಿಸಿದ. ಎಲ್ಲ ಜೋಡಿಸಿ ಹೊಸ ಫ್ಯೂಸು ಹಾಕಿ ತಿರುಗಿಸಿದಾಗ ಒಂದನೇ ನಂಬರಿನಲ್ಲೇ ಗಾಳಿ ಬಂತು. ಶಬ್ದವೇ ಇಲ್ಲ. ಅರ್ಧ ಗಂಟೆ ನಾಲ್ಕನೇ ನಂಬರಿನಲ್ಲಿ ಓಡಿಸಿಟ್ಟೆವು. ನಿಲ್ಲಲಿಲ್ಲ. ಅಂಗೈ ಒಡ್ಡಿಕೊಂಡು ಕೂತಿದ್ದ ನನಗೆ ಅಳು ಬಂದುಬಿಟ್ಟಿತು. ಚುಲೂನ್ ತಾನು ನೋಡಲಿಲ್ಲ ಎಂಬಂತೆ ಸ್ಪ್ಯಾನರುಗಳನ್ನು ಎಣಿಸುತ್ತ ನಿಂತ.

ಆ ಹಳದಿ ಬಿಲ್ಲೆಯನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡೆ. ಸುಳ್ಳು ಯಾಕೆ ಬರೆಯಲಿ, ಮನೆಯವರೆಗೂ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋದೆ. ‘ನೋಡಿ ಅತ್ತೆ, ನಿಮ್ಮ ಹಾಲು. ನಿಮ್ಮ ಮಗನ ಹೀಟರಿಗೆ ನೀವೇ ಹಾಕಿದ ಹೆಪ್ಪು.’ ಇಪ್ಪತ್ತನಾಲ್ಕು ವರ್ಷದ ಹಿಟ್ಟಿನ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಎಲ್ಲಿ ಸಿಗಬೇಕು!

ಬಾಗಿಲು ತೆರೆದಾಗ ಅವರು ಸೋದ್ನೋಮನ ಪಾದಗಳನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಿದ್ದರು. “ವಾಸಿಯಾಯ್ತಾ ಗಾಡಿ?” ಅಂದರು. ಎಪ್ಪತ್ತೊಂಬತ್ತರ ಮುಖ, ಒಂದು ಕಣ್ಣಿಗೆ ಪೊರೆ.

“ಆಯ್ತು” ಅಂದೆ.

“ಏನಾಗಿತ್ತಂತೆ?”

“ವಯಸ್ಸಾಗಿತ್ತಂತೆ.”

ಅವರು ಬೆರಣಿ ತರಲು ಹೊರಗೆ ಹೋದಾಗ ಸೋದ್ನೋಮನಿಗೆ ಕರವಸ್ತ್ರ ಬಿಚ್ಚಿ ತೋರಿಸಿ ಎಲ್ಲ ಹೇಳಿದೆ. ಅವನು ಮೂಸಿದ, ನಕ್ಕ. ನಗು ಹೆಚ್ಚಾಗಿ ಕೆಮ್ಮು ಬಂತು. ಅವನು ನಕ್ಕು ಎಷ್ಟು ತಿಂಗಳಾಗಿತ್ತೋ. ಆಮೇಲೆ ಕಣ್ಣೊರೆಸಿಕೊಂಡು, “ಅಮ್ಮನಿಗೆ ಹೇಳಬೇಡ. ನನ್ನನ್ನ ಬದುಕಿಸಿರೋದು ಆ ಹಾಲೇ ಅಂದ್ಕೊಂಡಿದಾಳೆ” ಅಂದ.

“ಹೇಳೋದಾಗಿದ್ರೆ ಆಗಲೇ ಹೇಳ್ತಿದ್ದೆ” ಅಂದೆ. ಬಿಲ್ಲೆಯನ್ನು ಒಲೆಗೆ ಹಾಕಿದೆ. ಮನೆಯೆಲ್ಲ ಹಾಲು ಉಕ್ಕಿದ ವಾಸನೆ.

“ನಾಳೆ?” ಅಂತ ಕೇಳಿದೆ.

ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಜನವರಿ 16, ಸೋಮವಾರ
ಮೈನಸ್ 35.5

ನಿಲ್ದಾಣದಿಂದ ಬಂದಾಗ ಅವನು ಕೋಟು ಹಾಕಿಕೊಂಡು ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತಿದ್ದ. ಊದಿದ ಪಾದಕ್ಕೆ ಬೂಟು ಹಿಡಿದಿರಲಿಲ್ಲ, ಉಣ್ಣೆಯ ಕಾಲುಚೀಲದ ಮೇಲೆ ಅಮ್ಮನ ಹಳೆಯ ಶಾಲು ಸುತ್ತಿಕೊಂಡಿದ್ದ.

ಅತ್ತೆ ಆಗಲೇ ಸೌಟು ಹಿಡಿದು ಕಾರಿನ ಮುಂದೆ ನಿಂತಿದ್ದರು. ನಾನು ಅವರ ಹತ್ತಿರ ಹೋದೆ.

“ಅತ್ತೆ, ಇನ್ಮೇಲೆ ಹಿಂದಿನಿಂದ ಹಾಕಿ. ಚಕ್ರದ ಹತ್ತಿರ, ದಾರಿಗೆ. ಹೊರಟವರ ಬೆನ್ನಿಗಲ್ವಾ ಹಾಲು ಚಿಮುಕಿಸೋದು? ನಿಮ್ಮ ಕಾಲದ ಪದ್ಧತಿ ನಾನು ಹೇಳಬೇಕಾ?”

“ನನಗೆ ಗೊತ್ತಿಲ್ವಾ ಅದು?” ಅಂದರು. “ಮೊದಲು ಹಿಂದಿನಿಂದಾನೇ ಹಾಕ್ತಿದ್ದೆ. ನೀನು ನಿಲ್ಲಲ್ವಲ್ಲ ತಾಯಿ. ನಾನು ಬಾಗಿಲು ದಾಟಿ, ಮೆಟ್ಟಿಲಿಳಿದು ಬರೋದ್ರಲ್ಲಿ ಗಾಡಿ ಬೇಲಿ ದಾಟಿರ್ತಿತ್ತು. ಎರಡು ಸಲ ಬರೀ ಹೊಗೆಗೆ ಹಾಕಿದೆ. ಆಮೇಲೆ ಮುಂದೆ ಬಂದು ನಿಂತೆ. ಅಡ್ಡ ನಿಂತ್ರೆ ಗುದ್ದಿಕೊಂಡು ಹೋಗಲ್ಲ ಅಂತ ನಂಬಿಕೆ ಇತ್ತು.”

ಎಂಟಕ್ಕೆ ಉಷ್ಣಾಂಶ, ಎಂಟೂವರೆಗೆ ಹೊರಡುವುದು, ಹನ್ನೊಂದಕ್ಕೆ ಮೆಷಿನ್ನು. ಕಾರಿನ ಕನ್ನಡಿಯಲ್ಲಿ ಹಿಂದೆ ನೋಡಲು ನನಗೆ ಹೊತ್ತೆಲ್ಲಿತ್ತು.

“ಇವತ್ತು ನಿಲ್ತೀನಿ” ಅಂದೆ. “ಆದ್ರೂ ಒಂದು ಸೌಟು ಯಾಕೆ? ಎಲ್ಲರ ಹಾಗೆ ಚಮಚ ಸಾಲದಾ?”

ಅವರು ಸೌಟಿನೊಳಗೆ ನೋಡಿದರು. “ಇದು ಅವನ ಪಾಲಿನದು” ಅಂದರು. “ಆಸ್ಪತ್ರೆಯಿಂದ ಬಂದ ದಿನ ನೀನೇ ಹೇಳಿದ್ಯಲ್ಲ, ಇನ್ಮೇಲೆ ಹಾಲು ಕೊಡಬೇಡಿ, ನೀರೂ ಅಳೆದು ಕೊಡಿ ಅಂತ. ಐವತ್ತೆರಡು ವರ್ಷ ಬೆಳಗ್ಗೆ ಅವನಿಗೆ ಒಂದು ಸೌಟು ಹಾಲು ಹಾಕಿದ ಕೈ ಇದು. ಈಗ ಯಾರಿಗೆ ಹಾಕಲಿ? ಚೆಲ್ಲೋಕೆ ಮನಸ್ಸಾಗಲ್ಲ, ನಾನು ಕುಡಿದ್ರೆ ಗಂಟಲಲ್ಲಿ ಇಳಿಯಲ್ಲ. ಅದಕ್ಕೇ ಅವನು ಹೋಗೋ ದಾರಿಗೆ ಹಾಕ್ತೀನಿ.”

ನಾನು ಕಾರಿನಲ್ಲಿ ಕೂತು ಬೇಲಿಯ ಬಾಗಿಲವರೆಗೆ ಮೆಲ್ಲಗೆ ಓಡಿಸಿ ನಿಲ್ಲಿಸಿದೆ. ಕನ್ನಡಿಯಲ್ಲಿ ನೋಡಿದೆ. ಅವರು ಎರಡೂ ಕೈಯಲ್ಲಿ ಸೌಟು ಹಿಡಿದು, ಐಸಿನ ಮೇಲೆ ಜಾರದಂತೆ ಅಂಗುಲ ಅಂಗುಲ ಬರುತ್ತಿದ್ದರು. ಹಾಲಿನಿಂದ ಹಬೆ ಏಳುತ್ತಿತ್ತು. ನನ್ನ ಪಾದ ತಾನಾಗಿ ಆಕ್ಸಿಲರೇಟರಿಗೆ ಹೋಯಿತು, ಸೋದ್ನೋಮ್ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟ. ಮೊದಲು ಎಡಗಡೆಯ ಚಕ್ರಕ್ಕೆ, ಆಮೇಲೆ ಬಲಗಡೆಗೆ, ಉಳಿದದ್ದು ದಾರಿಗೆ. ಎಂಟು ಮೂವತ್ತೇಳಕ್ಕೆ ಹೊರಟೆವು.

ಫ್ಯಾನು ಎರಡನೇ ನಂಬರಿನಲ್ಲೇ ಸಾಕಾಯಿತು. ಗಾಜು ತಿಳಿಯಾಗಿತ್ತು, ಘಾಟಿಯ ಕಲ್ಲುಗುಡ್ಡೆ ದೂರದಿಂದಲೇ ಕಾಣಿಸಿತು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಆಸ್ಪತ್ರೆ ಮುಟ್ಟಿದೆವು. ನಾಲ್ಕು ಕಿಲೋ ನೂರು ಗ್ರಾಂ ನೀರು ತೆಗೆದರು. ಬರುವಾಗ ಹಿಂದಿನ ಸೀಟಿನಲ್ಲಿ ಮಲಗಿ ಗೊರಕೆ ಹೊಡೆದ.

ಜನವರಿ 27, ಶುಕ್ರವಾರ
ಮೈನಸ್ 29.8

ಐದನೆಯ ಒಂಬತ್ತು ಇವತ್ತಿನಿಂದ. ಹತ್ತು ದಿನದಿಂದ ಇಲ್ಲಿ ಏನೂ ಬರೆದಿಲ್ಲ, ಬರೆಯುವಂಥದ್ದು ಇರಲಿಲ್ಲ. ಫ್ಯಾನು ನಡೆಯುತ್ತಿದೆ. ಐಸಿನ ಮೇಲೆ ಒಲೆಯ ಬೂದಿ ಹಾಕಿದ್ದೇನೆ, ಬೇಲಿಯ ಬಾಗಿಲವರೆಗೂ.

ನಿಲ್ದಾಣಕ್ಕೆ ಹೋಗುವ ಮೊದಲು ಚಳಿಗಾಲಕ್ಕೆಂದು ಬಟ್ಟಲಲ್ಲಿ ಹೆಪ್ಪುಗಟ್ಟಿಸಿಟ್ಟ ಹಾಲಿನ ಬಿಲ್ಲೆಯೊಂದನ್ನು ತಂದು ಒಲೆಯ ಪಕ್ಕ ಕರಗಲು ಇಟ್ಟೆ. ಅಮ್ಮನ ಬೆರಳಿಗೆ ಈಗ ಅದನ್ನು ಬಟ್ಟಲಿನಿಂದ ಬಿಡಿಸಲು ಆಗುವುದಿಲ್ಲ.

ಬೇಲಿಯ ಹತ್ತಿರ ನಿಂತಾಗ ಸೋದ್ನೋಮ್ ತನ್ನ ಕಡೆಯ ಕನ್ನಡಿಯಲ್ಲಿ ನೋಡುತ್ತಿದ್ದ. “ಇನ್ನೂ ಮೆಟ್ಟಿಲ ಹತ್ತಿರ ಇದಾಳೆ” ಅಂದ.

“ಬರಲಿ” ಅಂದೆ.

“ಸೋಮವಾರ ಹತ್ತು ನಿಮಿಷ ಮುಂಚೆ ಹೊರಡೋಣ ಕಣೆ, ಅವಳಿಗೆ ಅವಸರ ಆಗಬಾರದು” ಅಂದ.

ಸೋಮವಾರ ಅಂದ. ನಾನು ಫ್ಯಾನನ್ನು ಒಂದಕ್ಕೆ ಇಳಿಸಿ, ಕನ್ನಡಿ ಸರಿಮಾಡಿಕೊಂಡು ಕೂತೆ.